ಎಯೋಲ್ ಯಾಕೆ ನಿಂತಿತು: ಜಗತ್ತಿನ ಅತಿ ದೊಡ್ಡ ಲಂಬ ಅಕ್ಷದ ಗಾಳಿಯಂತ್ರದ ಪ್ರಕರಣ

ಲಂಬ ಅಕ್ಷದ ಗಾಳಿಯಂತ್ರ ಮಾರುವವರು ಮೊದಲು ಹೇಳುವ ಮಾತು ಇದು: ಭಾರದ ಸಾಮಾನೆಲ್ಲ ನೆಲದ ಮೇಲೇ ಇರುತ್ತದೆ, ಹಾಗಾಗಿ ರಿಪೇರಿ ಸುಲಭ. ಮಾತು ಸುಳ್ಳೇನಲ್ಲ. ಆದರೆ ಇದೇ ಲೆಕ್ಕ ಹಾಕಿ ಕಟ್ಟಿದ, ಈ ಜಾತಿಯಲ್ಲೇ ಅತಿ ದೊಡ್ಡ ಯಂತ್ರ ಕೆಟ್ಟು ಕೂತದ್ದು ಬುಡದಲ್ಲಿದ್ದ ಒಂದು ಬಿಡಿಭಾಗದಿಂದ. ಆ ಭಾಗ ನೆಲಮಟ್ಟದಲ್ಲೇ ಇತ್ತು. ಆದರೂ ಅದನ್ನು ಬದಲಾಯಿಸುವುದು ಸುಲಭವಾಗಿರಲಿಲ್ಲ.

ಯಂತ್ರದ ಹೆಸರು ಎಯೋಲ್, ಗ್ರೀಕರ ಗಾಳಿದೇವರ ಹೆಸರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಸೇಂಟ್ ಲಾರೆನ್ಸ್ ನದಿ ಸಮುದ್ರದಷ್ಟು ಅಗಲವಾಗುವ ಕಡೆ, ಗಾಸ್ಪೆ ಪರ್ಯಾಯ ದ್ವೀಪದ ಉತ್ತರ ದಡದಲ್ಲಿ ಕ್ಯಾಪ್-ಷಾ ಅನ್ನುವ ಸಣ್ಣ ಊರಿದೆ. ಅಲ್ಲಿ 1987ರಲ್ಲಿ ಇದನ್ನು ಎಬ್ಬಿಸಿದರು. 1988ರಿಂದ 1993ರವರೆಗೆ ಓಡಿತು. ಆಮೇಲೆ ನಿಂತಿತು. ಬಿಚ್ಚಿ ಗುಜರಿಗೆ ಹಾಕಲಿಲ್ಲ, ಹಾಗೇ ಬಿಟ್ಟರು. ಈಗ ಅದೊಂದು ಪ್ರವಾಸಿ ತಾಣ.

ಆಕಾರದ ಹಿಂದಿನ ಲೆಕ್ಕ

ನಮ್ಮ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಕಾಣುವ ಫ್ಯಾನುಗಳ ಅಕ್ಷ ಅಡ್ಡಡ್ಡ ಮಲಗಿರುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಇಡೀ ತಲೆ ತಿರುಗಬೇಕು. ಎಯೋಲ್‌ನಲ್ಲಿ ಅಕ್ಷವೇ ಕಂಬ. ನೆಟ್ಟಗೆ ನಿಂತ ಕಂಬವೇ ತಿರುಗುತ್ತದೆ, ಹಾಗಾಗಿ ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದೇ. ಒಟ್ಟು ಎತ್ತರ 110 ಮೀಟರ್. ಅದರಲ್ಲಿ ತಿರುಗುವ ಭಾಗವೇ 96 ಮೀಟರ್. ನಡುವಿನ ಅಗಲ 64 ಮೀಟರ್. ರೆಕ್ಕೆಗಳು ಗಾಳಿಯನ್ನು ಹಿಡಿಯುವ ಜಾಗ ಸುಮಾರು 4,000 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಎಕರೆ.

ರೆಕ್ಕೆಗಳು ಎರಡು. ಕಂಬದ ತುದಿಯಿಂದ ಹೊರಟು, ಹೊರಗೆ ಬಾಗಿ, ಮತ್ತೆ ಬುಡಕ್ಕೆ ಬಂದು ಸೇರುತ್ತವೆ. ಮಕ್ಕಳು ಹಗ್ಗದಾಟ ಆಡುವಾಗ ತಿರುಗುವ ಹಗ್ಗ ಯಾವ ಆಕಾರಕ್ಕೆ ಬರುತ್ತದೋ ಅದೇ ಆಕಾರ. ಅಂದಕ್ಕೆ ಅಂತ ಹೀಗೆ ಬಾಗಿಸಿದ್ದಲ್ಲ, ಇದರ ಹಿಂದೆ ಒಂದು ಲೆಕ್ಕವಿದೆ. ಎಯೋಲ್ ನಿಮಿಷಕ್ಕೆ ಸುಮಾರು 12 ಸುತ್ತು ಹಾಕುತ್ತಿತ್ತು. ನಿಧಾನ ಅನಿಸಬಹುದು. ಆದರೆ 64 ಮೀಟರ್ ಅಗಲದಲ್ಲಿ 12 ಸುತ್ತು ಅಂದರೆ ರೆಕ್ಕೆಯ ನಡುಭಾಗದ ವೇಗ ಸೆಕೆಂಡಿಗೆ 40 ಮೀಟರ್, ಗಂಟೆಗೆ 145 ಕಿಲೋಮೀಟರ್ ಹತ್ತಿರ. ಆ ವೇಗದಲ್ಲಿ ರೆಕ್ಕೆಯ ಪ್ರತಿ ಕಿಲೋ ಉಕ್ಕೂ ತನ್ನ ತೂಕದ ಐದು ಪಟ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ರೆಕ್ಕೆ ನೇರವಾಗಿದ್ದರೆ ಈ ಎಳೆತ ಅದನ್ನು ಬಾಗಿಸಿ ಮುರಿಯುತ್ತದೆ. ತಿರುಗುವ ಹಗ್ಗದ ಆಕಾರದಲ್ಲೇ ಮಾಡಿಬಿಟ್ಟರೆ ಬಾಗಿಸುವ ಬಲ ಬಹುಪಾಲು ಇರುವುದಿಲ್ಲ, ಎರಡೂ ತುದಿಗೆ ಎಳೆತ ಮಾತ್ರ ಉಳಿಯುತ್ತದೆ. ಉಕ್ಕು ಎಳೆತವನ್ನು ಚೆನ್ನಾಗಿ ತಡೆಯುತ್ತದೆ.

ಈ ಉಪಾಯ ಫ್ರಾನ್ಸಿನ ಇಂಜಿನಿಯರ್ ಜಾರ್ಜ್ ಡಾರ್ಯೂ ಅವರದು. ಫ್ರಾನ್ಸಿನಲ್ಲಿ 1925ರಲ್ಲಿ, ಅಮೆರಿಕದಲ್ಲಿ 1931ರಲ್ಲಿ ಪೇಟೆಂಟ್ ಆಯಿತು. ಆಮೇಲೆ ಅದನ್ನು ಕೇಳುವವರೇ ಇರಲಿಲ್ಲ. 1960ರ ದಶಕದ ಕೊನೆಯಲ್ಲಿ ಒಟ್ಟಾವಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿದ್ದ ಪೀಟರ್ ಸೌತ್ ಮತ್ತು ರಾಜ್ ರಂಗಿ ಇದೇ ಯಂತ್ರವನ್ನು ಹೊಸದಾಗಿ ಕಂಡುಕೊಂಡರು. ಹಳೆಯ ಪೇಟೆಂಟ್ ಇರುವುದು ಅವರಿಗೆ ಮೊದಲು ಗೊತ್ತಿರಲಿಲ್ಲ. 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ಗಾಳಿ ವಿದ್ಯುತ್ತಿಗೆ ದುಡ್ಡು ಹರಿಯಿತು. ಕೆನಡಾ ಈ ಜಾತಿಯ ಮೇಲೇ ಪಣ ಕಟ್ಟಿತು.

ದ್ವೀಪದಲ್ಲಿ ಒಂದು ಅಪಘಾತ

ಎಯೋಲ್‌ಗಿಂತ ಮೊದಲು ಇನ್ನೊಂದು ಯಂತ್ರ ಇತ್ತು. ಅದರ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಮ್ಯಾಗ್ಡಲೆನ್ ದ್ವೀಪಗಳಿವೆ. ಆಗ ಅಲ್ಲಿ ಕರೆಂಟ್ ಅಂದರೆ ಎಣ್ಣೆ ಸುಡುವ ಜನರೇಟರ್, ಎಣ್ಣೆಯೆಲ್ಲ ಹಡಗಿನಲ್ಲಿ ಬರಬೇಕಿತ್ತು. ಗಾಳಿಗೆ ಮಾತ್ರ ಬರವಿಲ್ಲ. ರಿಸರ್ಚ್ ಕೌನ್ಸಿಲ್ ಮತ್ತು ಪ್ರಾಂತ್ಯದ ವಿದ್ಯುತ್ ಸಂಸ್ಥೆ ಹೈಡ್ರೋ-ಕ್ವಿಬೆಕ್ ಸೇರಿ 1977ರಲ್ಲಿ ಅಲ್ಲಿ 230 ಕಿಲೋವಾಟಿನ ಡಾರ್ಯೂ ಯಂತ್ರ ನಿಲ್ಲಿಸಿದವು.

ಈ ಯಂತ್ರಗಳು ತಾವಾಗಿ ಶುರುವಾಗುವುದಿಲ್ಲ ಅನ್ನುವುದು ಆಗ ಎಲ್ಲರ ನಂಬಿಕೆ. ನಂಬಿಕೆಗೆ ಕಾರಣವೂ ಇತ್ತು. ಈ ರೆಕ್ಕೆ ಕೆಲಸ ಮಾಡಬೇಕಾದರೆ ಅದು ಗಾಳಿಗಿಂತ ಹಲವು ಪಟ್ಟು ವೇಗವಾಗಿ ಓಡುತ್ತಿರಬೇಕು. ನಿಂತಿರುವಾಗ ಗಾಳಿ ಸುಮ್ನೆ ಅಡ್ಡ ಬಡಿದು ಹೋಗುತ್ತದೆ, ತಿರುಗಿಸುವ ಬಲ ತೀರಾ ಕಡಿಮೆ. ಅದಕ್ಕೇ ಮೊದಲು ಮೋಟಾರಿನಿಂದ ತಿರುಗಿಸಿ ವೇಗಕ್ಕೆ ತರುತ್ತಾರೆ. 1978ರ ಜುಲೈನಲ್ಲಿ ರಿಪೇರಿಗೆ ಅಂತ ಬ್ರೇಕ್ ಬಿಡಿಸಿ, ಯಂತ್ರವನ್ನು ಹಾಗೇ ಬಿಟ್ಟರು. ಹೇಗಿದ್ದರೂ ತಾನಾಗಿ ತಿರುಗುವುದಿಲ್ಲ ಅಲ್ವಾ? ಗಾಳಿ ಬಂತು. ಯಂತ್ರ ತಾನಾಗಿಯೇ ಶುರುವಾಯಿತು. ತಡೆಯಲು ಬ್ರೇಕ್ ಇಲ್ಲ, ಹೊರೆ ಹಾಕಲು ಜನರೇಟರ್ ಇಲ್ಲ. ವೇಗ ಏರುತ್ತಲೇ ಹೋಗಿ ಕೊನೆಗೆ ಮುರಿದು ಬಿತ್ತು.

ಆಮೇಲೆ ಅದನ್ನು ಮತ್ತೆ ಕಟ್ಟಿದರು. ಸಾಮಾನ್ಯವಾಗಿ ಆಗುವುದಿಲ್ಲ ಅನ್ನುವುದಕ್ಕೂ ಯಾವತ್ತೂ ಆಗುವುದೇ ಇಲ್ಲ ಅನ್ನುವುದಕ್ಕೂ ಇರುವ ಅಂತರ ಅವತ್ತು ಕಣ್ಣಿಗೆ ಕಂಡಿತ್ತು. ಗಾಳಿ ಒಂದೇ ಸಮ ಬೀಸುವುದಿಲ್ಲ. ರೆಕ್ಕೆ ಒಂದು ಕೋನದಲ್ಲಿ ನಿಂತಿರುವಾಗ ಜೋರು ಬೀಸು ಬಂದರೆ ಚೂರು ಜರುಗುತ್ತದೆ, ಇನ್ನೊಂದು ಬೀಸಿಗೆ ಇನ್ನೂ ಸ್ವಲ್ಪ. ಒಮ್ಮೆ ವೇಗ ಹಿಡಿಯಿತು ಅಂದರೆ ಮುಗಿಯಿತು.

ಎಯೋಲ್‌ನ ಬುಡದಲ್ಲಿ ಏನಿತ್ತು

ಇಷ್ಟೆಲ್ಲ ಅನುಭವ ಬೆನ್ನಿಗಿಟ್ಟುಕೊಂಡೇ ರಿಸರ್ಚ್ ಕೌನ್ಸಿಲ್ ಮತ್ತು ಹೈಡ್ರೋ-ಕ್ವಿಬೆಕ್ ಎಯೋಲ್‌ಗೆ ಕೈ ಹಾಕಿದವು. 230 ಕಿಲೋವಾಟಿನಿಂದ ಒಂದೇ ನೆಗೆತಕ್ಕೆ 3.8 ಮೆಗಾವಾಟ್. ಹದಿನಾರು ಪಟ್ಟು! ನನ್ನ ಪ್ರಕಾರ ಈ ಪ್ರಕರಣದ ಮೊದಲ ತಪ್ಪು ಹೆಜ್ಜೆ ಇದೇ. ನಡುವೆ ಒಂದು ಮೆಗಾವಾಟಿನದ್ದು ಕಟ್ಟಿ, ಹತ್ತು ಕಡೆ ನಿಲ್ಲಿಸಿ, ಏನು ಕೆಡುತ್ತದೆ ನೋಡೋಣ ಅನ್ನುವ ತಾಳ್ಮೆ ಇರಲಿಲ್ಲ. ಅದೇ ಹೊತ್ತಿಗೆ ಡೆನ್ಮಾರ್ಕಿನವರು ಮೂರು ರೆಕ್ಕೆಯ ಸಣ್ಣ ಯಂತ್ರಗಳನ್ನು ನೂರಾರು ಕಟ್ಟಿ, ಕೆಟ್ಟಿದ್ದನ್ನು ತಿದ್ದಿ, ಪ್ರತಿ ಸಲ ಸ್ವಲ್ಪ ದೊಡ್ಡದು ಮಾಡುತ್ತಾ ಹೋಗುತ್ತಿದ್ದರು.

ಆದರೂ ಎಯೋಲ್‌ನ ಬುಡದ ಕೋಣೆಯಲ್ಲಿದ್ದ ಯಂತ್ರವನ್ನು ಮೆಚ್ಚಲೇಬೇಕು. ಗಾಳಿಯಂತ್ರ ನಿಧಾನ, ಜನರೇಟರಿಗೆ ಬೇಕಾದ್ದು ವೇಗ. ಹಾಗಾಗಿ ನಡುವೆ ಗೇರ್‌ಬಾಕ್ಸ್ ಇಡುವುದು ರೂಢಿ. ಗೇರ್‌ಬಾಕ್ಸ್ ಅಂದರೆ ಎಣ್ಣೆ, ಸವೆತ, ಶಬ್ದ, ಆಗಾಗ ತಲೆನೋವು. ಎಯೋಲ್ ಮಾಡಿದವರು ಅದನ್ನು ತೆಗೆದೇ ಹಾಕಿದರು. ಕಂಬಕ್ಕೆ ನೇರವಾಗಿ ಜನರೇಟರ್ ಜೋಡಿಸಿದರು. 12 ಮೀಟರ್ ಅಗಲ, 162 ಕಾಂತ ಧ್ರುವ. ನಿಮಿಷಕ್ಕೆ 12 ಸುತ್ತಿನಲ್ಲಿ ಇದರಿಂದ ಬರುವ ಕರೆಂಟಿನ ಫ್ರೀಕ್ವೆನ್ಸಿ ಸುಮಾರು 16 ಹರ್ಟ್ಸ್, ಅದೂ ಗಾಳಿ ಏರಿಳಿದ ಹಾಗೆ ಏರಿಳಿಯುತ್ತದೆ. ಕೆನಡಾದ ಗ್ರಿಡ್‌ಗೆ ಬೇಕಾದ್ದು 60. ಆದ್ದರಿಂದ ಎಲ್ಲವನ್ನೂ ಮೊದಲು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಮಾಡಿ, ಮತ್ತೆ ಸರಿಯಾದ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಮಾಡಿ ಕಳಿಸುತ್ತಿದ್ದರು. ಇವತ್ತು ಇದು ಮಾಮೂಲಿ. 1987ರಲ್ಲಿ ಮೆಗಾವಾಟ್ ಮಟ್ಟದಲ್ಲಿ ಇದನ್ನು ಮಾಡುವುದು ದೊಡ್ಡ ಸಾಹಸ. ಇಷ್ಟು ಭಾರದ ಜನರೇಟರ್ ನೆಲದ ಮೇಲೆ ಇಡಲು ಜಾಗ ಸಿಕ್ಕಿದ್ದೇ ಅಕ್ಷ ಲಂಬವಾಗಿದ್ದುದರಿಂದ. ನೂರು ಮೀಟರ್ ಎತ್ತರಕ್ಕೆ ಇದನ್ನು ಏರಿಸುವ ಯೋಚನೆಯನ್ನು ಆಗ ಯಾರೂ ಮಾಡುತ್ತಿರಲಿಲ್ಲ.

ಐದು ವರ್ಷದ ಲೆಕ್ಕಪತ್ರ

ಹೆಚ್ಚು ಕಾಲ ಬಾಳಲಿ ಅಂತ ಯಂತ್ರವನ್ನು ಪೂರ್ತಿ 3.8 ಮೆಗಾವಾಟಿಗೆ ಓಡಿಸಲಿಲ್ಲ, 2.5ಕ್ಕೆ ಮಿತಿ ಹಾಕಿದರು. ಐದು ವರ್ಷದಲ್ಲಿ 17,000ಕ್ಕೂ ಹೆಚ್ಚು ಗಂಟೆ ಓಡಿ, ಸುಮಾರು 1.2 ಕೋಟಿ ಯೂನಿಟ್ ಕೊಟ್ಟಿತು. ಗಾಳಿ ಬಂದರೆ ಓಡಲು ಸಿದ್ಧವಾಗಿದ್ದ ಸಮಯ ಶೇಕಡ 94. ಒಂದೇ ಒಂದು ಕಟ್ಟಿದ, ಹಿಂದೆ ಯಾರೂ ಕಟ್ಟಿರದ ಯಂತ್ರಕ್ಕೆ ಇದು ಬಹಳ ಒಳ್ಳೆಯ ಅಂಕ. ಲಂಬ ಅಕ್ಷದ ಯಂತ್ರ ಕೆಲಸವೇ ಮಾಡುವುದಿಲ್ಲ ಅಂತ ಮೂಗು ಮುರಿಯುವವರು ಈ ಅಂಕಿಯನ್ನು ನೋಡಬೇಕು.

ಆದರೆ ಯೂನಿಟ್ ಲೆಕ್ಕ ಬೇರೆಯೇ ಹೇಳುತ್ತದೆ. ಐದು ವರ್ಷ ಅಂದರೆ 43,800 ಗಂಟೆ. ಅಷ್ಟೂ ಹೊತ್ತು 3.8 ಮೆಗಾವಾಟ್ ಓಡಿದ್ದರೆ 16.6 ಕೋಟಿ ಯೂನಿಟ್ ಬರಬೇಕಿತ್ತು. ಬಂದದ್ದು ಅದರ ಶೇಕಡ 7. ಮಿತಿ ಹಾಕಿದ 2.5ರ ಮೇಲೆ ಲೆಕ್ಕ ಹಾಕಿದರೂ ಶೇಕಡ 11. ನಮ್ಮ ಕಡೆಯ ಒಳ್ಳೆಯ ಗುಡ್ಡದ ಮೇಲಿನ 2 ಮೆಗಾವಾಟ್ ಯಂತ್ರ ವರ್ಷಕ್ಕೆ 40–50 ಲಕ್ಷ ಯೂನಿಟ್ ಕೊಡುತ್ತದೆ. ಎಯೋಲ್ ಐದು ವರ್ಷದಲ್ಲಿ ಕೊಟ್ಟದ್ದನ್ನು ಅದು ಮೂರು ವರ್ಷದೊಳಗೆ ಮುಗಿಸುತ್ತದೆ. ಎಯೋಲ್ ಪ್ರಯೋಗದ ಯಂತ್ರ, ಗಾಳಿ ಇದ್ದಾಗಲೆಲ್ಲ ಪೂರ್ತಿ ಹಿಂಡಿ ತೆಗೆಯುವುದು ಅದರ ಉದ್ದೇಶವಾಗಿರಲಿಲ್ಲ ಅನ್ನುವುದನ್ನೂ ಮರೆಯಬಾರದು. ಆದರೂ ಶೇಕಡ 7 ತೀರಾ ಕಡಿಮೆಯೇ.

ಇನ್ನೊಂದು ಲೆಕ್ಕ ನನಗೆ ಮಜಾ ಅನಿಸಿತು. ನಿಮಿಷಕ್ಕೆ 12ರಂತೆ 17,000 ಗಂಟೆಗೆ ಸುಮಾರು 1.2 ಕೋಟಿ ಸುತ್ತು. ಯೂನಿಟ್ಟೂ 1.2 ಕೋಟಿ. ಅಂದರೆ ಸುತ್ತಿಗೊಂದು ಯೂನಿಟ್. ಆದರೆ ಈ ಒಂದೊಂದು ಸುತ್ತಿನಲ್ಲೂ ರೆಕ್ಕೆಗಳ ಪಾಡು ಏನು ನೋಡಿ. ರೆಕ್ಕೆ ಗಾಳಿ ಬರುವ ಬದಿಯಲ್ಲಿ ಗಾಳಿಗೆ ಅಡ್ಡವಾಗಿ ದಾಟುವಾಗ ಒಂದು ಕಡೆಯಿಂದ ಹೊಡೆತ, ಹಿಂಬದಿಯಲ್ಲಿ ದಾಟುವಾಗ ಇನ್ನೊಂದು ಕಡೆಯಿಂದ. ನಡುವೆ ಗಾಳಿಯ ಜೊತೆಗೋ ಗಾಳಿಗೆ ಎದುರಾಗೋ ಸಾಗುವಾಗ ಏನೂ ಇಲ್ಲ. ಹಾಗಾಗಿ ಸುತ್ತಿಗೆ ಎರಡು ಸಲ ಬಲ ಏರಿ ಇಳಿಯುತ್ತದೆ. ಐದು ವರ್ಷದಲ್ಲಿ 2.4 ಕೋಟಿ ಸಲ. ಬೆಸುಗೆ, ಬೋಲ್ಟು, ಕಂಬವನ್ನು ಬಿಗಿದು ಹಿಡಿಯುವ ಸ್ಟೇ ವೈರು, ತಿರುಗುವ ಕಂಬವನ್ನು ಹೊರುವ ಬೇರಿಂಗು, ಎಲ್ಲವೂ ಅಷ್ಟು ಸಲ ಕುಲುಕಾಡಬೇಕು. ಮೂರು ರೆಕ್ಕೆಯ ಮಾಮೂಲಿ ಯಂತ್ರದಲ್ಲೂ ಏರಿಳಿತ ಇದೆ, ಆದರೆ ಗಾಳಿಯ ಬಲ ಪೂರ್ತಿ ದಿಕ್ಕು ತಿರುಗಿಸುವ ಈ ತರದ ಆಟ ಅಲ್ಲಿಲ್ಲ.

ಕೆಳಗಿನ ಬೇರಿಂಗ್

ಈಗ ಮುಖ್ಯ ವಿಷಯ. ನೂರು ಮೀಟರ್ ಎತ್ತರದ ಕಂಬ ತಿರುಗುತ್ತಲೂ ಇರಬೇಕು, ನೆಟ್ಟಗೆ ನಿಂತೂ ಇರಬೇಕು. ಬುಡದಲ್ಲಿ ಮಾತ್ರ ಹಿಡಿದರೆ ಸಾಲದು. ಅದಕ್ಕೆ ತುದಿಯಲ್ಲಿ ಇನ್ನೊಂದು ಬೇರಿಂಗ್ ಇಟ್ಟು, ಅದರಿಂದ ಸುತ್ತ ನೆಲಕ್ಕೆ ದಪ್ಪ ಉಕ್ಕಿನ ಹಗ್ಗ ಬಿಗಿಯುತ್ತಾರೆ. ಕರೆಂಟ್ ಕಂಬಕ್ಕೆ ನಮ್ಮ ಲೈನ್‌ಮ್ಯಾನ್‌ಗಳು ಕಟ್ಟುವ ಸ್ಟೇ ವೈರ್ ಇದೆಯಲ್ಲ, ಅದೇ ಕೆಲಸ. ಸ್ಟೇ ವೈರ್ ಸಡಿಲ ಇರಬಾರದು. ಸಡಿಲ ಇದ್ದರೆ ಅದು ಕಂಬದ ಜೊತೆ ತಾನೂ ಓಲಾಡಿ, ಹೋಗಿ ರೆಕ್ಕೆಗೆ ತಗುಲಬಹುದು. ಹಾಗಾಗಿ ಮೊದಲೇ ಜೋರಾಗಿ ಬಿಗಿದಿರುತ್ತಾರೆ. ಓರೆಯಾಗಿ ಬಿಗಿದ ಹಗ್ಗ ಕಂಬವನ್ನು ಪಕ್ಕಕ್ಕೆ ಬೀಳದಂತೆ ಹಿಡಿಯುವುದರ ಜೊತೆಗೆ ಕೆಳಕ್ಕೂ ಒತ್ತುತ್ತದೆ. ಸುತ್ತಲಿನ ಹಗ್ಗಗಳು ಪಕ್ಕಕ್ಕೆ ಎಳೆಯುವ ಬಲ ಒಂದಕ್ಕೊಂದು ವಜಾ ಆಗುತ್ತದೆ, ಕೆಳಕ್ಕೆ ಒತ್ತುವ ಬಲ ಮಾತ್ರ ಕೂಡುತ್ತಲೇ ಹೋಗುತ್ತದೆ.

ಈ ಒತ್ತಡ ಎಲ್ಲಿಗೆ ಬಂದು ಸೇರುತ್ತದೆ? ಬುಡದ ಬೇರಿಂಗಿಗೆ. ಕಂಬದ ತೂಕ, ಎರಡು ಉಕ್ಕಿನ ರೆಕ್ಕೆಗಳ ತೂಕ, ಸ್ಟೇ ವೈರ್‌ಗಳ ಒತ್ತಡ, ಮೇಲಿಂದ ಸುತ್ತಿಗೆರಡು ಹೊಡೆತ, ಎಲ್ಲವನ್ನೂ ಹೊರುವುದು ಅದೊಂದೇ. ಅಡ್ಡ ಅಕ್ಷದ ಯಂತ್ರದಲ್ಲಿ ಗೋಪುರ ಸುಮ್ಮನೆ ನಿಂತಿರುತ್ತದೆ, ಅದರ ತೂಕವನ್ನು ಯಾವ ಬೇರಿಂಗೂ ಹೊರುವುದಿಲ್ಲ. ಇಲ್ಲಿ ಗೋಪುರವೇ ತಿರುಗುವುದರಿಂದ ಅದರ ತೂಕವೂ ಬೇರಿಂಗಿನ ತಲೆಗೆ.

1993ರಲ್ಲಿ ಆ ಬೇರಿಂಗ್ ಕೆಟ್ಟಿತು. ಅದು ನೆಲದ ಮೇಲೇ ಇದೆ, ನಡೆದುಕೊಂಡು ಹೋಗಿ ಮುಟ್ಟಬಹುದು. ಆದರೆ ಅದನ್ನು ಹೊರಗೆ ತೆಗೆಯಬೇಕಾದರೆ ಅದರ ಮೇಲೆ ಕೂತಿರುವ ಇಡೀ ಯಂತ್ರವನ್ನು ಎತ್ತಿ ಹಿಡಿಯಬೇಕು ಅಥವಾ ಬಿಚ್ಚಿ ಕೆಳಗಿಳಿಸಬೇಕು. ಸ್ಟೇ ವೈರ್ ಸಡಿಲಿಸಿದರೆ ಕಂಬ ನಿಲ್ಲುವುದಿಲ್ಲ. ಸಡಿಲಿಸದಿದ್ದರೆ ಒತ್ತಡ ಇಳಿಯುವುದಿಲ್ಲ. ಹತ್ತಿರ ಇರುವುದಕ್ಕೂ ಕೈಗೆ ಸಿಗುವುದಕ್ಕೂ ಇಷ್ಟೊಂದು ವ್ಯತ್ಯಾಸ!

ನ್ಯಾಯವಾಗಿ ಹೇಳಬೇಕು ಅಂದರೆ ಮಾಮೂಲಿ ಯಂತ್ರದ ಮುಖ್ಯ ಬೇರಿಂಗ್ ಬದಲಾಯಿಸುವುದೂ ಸಣ್ಣ ಕೆಲಸ ಅಲ್ಲ. ದೊಡ್ಡ ಕ್ರೇನ್ ತರಬೇಕು, ರೆಕ್ಕೆಗಳನ್ನು ಇಳಿಸಬೇಕು. ಆದರೆ ಅಂಥ ಯಂತ್ರ ಸಾವಿರಾರು ಇವೆ. ಬಿಡಿಭಾಗ ಸಿಗುತ್ತದೆ, ಕ್ರೇನಿನವರಿಗೆ ಕೆಲಸ ಗೊತ್ತು, ಹಿಂದಿನ ವಾರ ಇನ್ನೊಂದು ಕಡೆ ಮಾಡಿ ಬಂದಿರುತ್ತಾರೆ. ಎಯೋಲ್ ಒಂಟಿ. ಅದನ್ನು ರಿಪೇರಿ ಮಾಡಿದರೆ ಆ ಅನುಭವ ಇನ್ನೊಂದು ಯಂತ್ರಕ್ಕೆ ಉಪಯೋಗವಾಗುವ ಹಾಗೂ ಇರಲಿಲ್ಲ. ಅದೂ ಅಲ್ಲದೆ ಹೈಡ್ರೋ-ಕ್ವಿಬೆಕ್‌ಗೆ ಕರೆಂಟಿನ ಹಸಿವು ಇರಲಿಲ್ಲ. 1979ರಿಂದ ಓಡತೊಡಗಿದ ಜೇಮ್ಸ್ ಬೇ ಯೋಜನೆಯ ಒಂದೇ ಜಲವಿದ್ಯುತ್ ಕೇಂದ್ರ 5,000 ಮೆಗಾವಾಟಿಗೂ ದೊಡ್ಡದು. ನಮ್ಮ ಶರಾವತಿ ಕೇಂದ್ರ 1,035 ಮೆಗಾವಾಟ್, ಅಂಥ ಐದು ಸೇರಿಸಿದಷ್ಟು. ಎಯೋಲ್ ಮತ್ತೆ ಓಡಲಿಲ್ಲ.

ಬೇರಿಂಗ್ ಗಟ್ಟಿ ಇದ್ದಿದ್ದರೆ?

ಆಗಲೂ ಈ ಜಾತಿ ಗೆಲ್ಲುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಕಾರಣ ಉಕ್ಕಿನ ಲೆಕ್ಕದಲ್ಲಿದೆ. 96 ಮೀಟರ್ ಎತ್ತರಕ್ಕೆ ಬಾಗಿ ಬರುವ ರೆಕ್ಕೆಯ ಉದ್ದ ಸುಮಾರು 120 ಮೀಟರ್ ಆಗುತ್ತದೆ, ಎರಡಕ್ಕೆ 240. ಇದರಿಂದ ಸಿಗುವುದು 4,000 ಚದರ ಮೀಟರ್ ಗಾಳಿ. ಅಷ್ಟೇ ಗಾಳಿ ಹಿಡಿಯಲು ಮಾಮೂಲಿ ಯಂತ್ರಕ್ಕೆ 35–36 ಮೀಟರಿನ ಮೂರು ರೆಕ್ಕೆ ಸಾಕು, ಒಟ್ಟು 107 ಮೀಟರ್. ಅರ್ಧಕ್ಕಿಂತ ಕಡಿಮೆ. ಸಾಲದ್ದಕ್ಕೆ ಡಾರ್ಯೂ ರೆಕ್ಕೆಯ ಮೇಲಿನ ಮತ್ತು ಕೆಳಗಿನ ಭಾಗ ಕಂಬಕ್ಕೆ ಹತ್ತಿರ ನಿಧಾನವಾಗಿ ತಿರುಗುತ್ತದೆ, ಅಲ್ಲಿಂದ ಬರುವ ಬಲ ಅಷ್ಟಕ್ಕಷ್ಟೆ. ಕೆಳತುದಿ ನೆಲದ ಹತ್ತಿರದ ದುರ್ಬಲ ಗಾಳಿಯಲ್ಲಿ ಒದ್ದಾಡುತ್ತಿರುತ್ತದೆ.

ಒಂಟಿಯಾಗಿದ್ದದ್ದೇ ಎಯೋಲ್‌ನ ತೊಂದರೆ ಅನ್ನುವವರಿಗೆ ಕ್ಯಾಲಿಫೋರ್ನಿಯಾದ ಉದಾಹರಣೆ ಇದೆ. ಅಮೆರಿಕದ ಸಾಂಡಿಯಾ ಪ್ರಯೋಗಾಲಯದ ವಿನ್ಯಾಸ ಹಿಡಿದು ಫ್ಲೋವಿಂಡ್ ಅನ್ನುವ ಕಂಪನಿ 1980ರ ದಶಕದಲ್ಲಿ ಆಲ್ಟಮಾಂಟ್ ಮತ್ತು ಟೆಹಚಪಿ ಬೆಟ್ಟಗಳಲ್ಲಿ ಇಂಥ 500ಕ್ಕೂ ಹೆಚ್ಚು ಯಂತ್ರ ನಿಲ್ಲಿಸಿತು. ಎಲ್ಲವೂ ಸಣ್ಣವು. ಅಲ್ಲಿ ಬೇರಿಂಗ್‌ಗಿಂತ ಮೊದಲು ಅಲ್ಯುಮಿನಿಯಂ ರೆಕ್ಕೆಗಳೇ ದಣಿದವು, ಪದೇ ಪದೇ ಬಾಗಿ ಜೋಡಣೆಗಳ ಹತ್ತಿರ ಬಿರುಕು ಬಿಟ್ಟವು. 1997ರಲ್ಲಿ ಕಂಪನಿ ದಿವಾಳಿ ಎದ್ದಿತು.

ಹಾಗಂತ ಎಯೋಲ್‌ನದ್ದೆಲ್ಲ ದಂಡ ಅಲ್ಲ. ಗೇರ್‌ಬಾಕ್ಸ್ ಇಲ್ಲದ ದೊಡ್ಡ ಜನರೇಟರ್, ಗಾಳಿಗೆ ತಕ್ಕ ವೇಗ, ಕರೆಂಟನ್ನು ಡಿಸಿ ಮಾಡಿ ಮತ್ತೆ ಎಸಿ ಮಾಡುವ ಪದ್ಧತಿ, ಈ ಮೂರೂ ಇವತ್ತು ಅಡ್ಡ ಅಕ್ಷದ ಯಂತ್ರಗಳಲ್ಲಿ ಧಾರಾಳವಾಗಿ ಇವೆ. ಜರ್ಮನಿಯ ಎನರ್ಕಾನ್ ಕಂಪನಿ 1990ರ ದಶಕದಲ್ಲಿ ಗೇರ್ ಇಲ್ಲದ ಯಂತ್ರಗಳಿಂದಲೇ ಹೆಸರು ಮಾಡಿತು. ಅದರ ಯಂತ್ರಗಳು ಚಿತ್ರದುರ್ಗದಲ್ಲೂ ಇವೆ. ಗಿಡ್ಡನೆ ದುಂಡು ತಲೆಯ ಫ್ಯಾನ್ ಕಂಡರೆ ಒಳಗೆ ಅಗಲವಾದ ಉಂಗುರದಂಥ ಜನರೇಟರ್ ಇದೆ ಅಂತ ತಿಳಿಯಿರಿ. ಇನ್ನು ಕ್ಯಾಪ್-ಷಾ ಊರಿನ ಗಾಳಿಯೇನೂ ಕೆಟ್ಟದ್ದಾಗಿರಲಿಲ್ಲ. 1998–99ರಲ್ಲಿ ಎಯೋಲ್ ಸುತ್ತಮುತ್ತಲೇ ಲ ನಾರ್ಡೆ ಗಾಳಿ ವಿದ್ಯುತ್ ಯೋಜನೆಯ 76 ಯಂತ್ರ ಎದ್ದವು. ಎಲ್ಲವೂ ಮೂರು ರೆಕ್ಕೆಯ ಅಡ್ಡ ಅಕ್ಷದವು.

ನಮ್ಮ ಮಹಡಿ ಮೇಲೆ, ಅವರ ಸಮುದ್ರದಲ್ಲಿ

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಮಹಡಿಗೆ ಪುಟ್ಟ ಲಂಬ ಯಂತ್ರ ಹಾಕಿಸಬಹುದಾ ಅಂತ ಕೇಳುವವರಿದ್ದಾರೆ. ಸಣ್ಣ ಯಂತ್ರದಲ್ಲಿ ಬೇರಿಂಗ್ ದೊಡ್ಡ ಸಮಸ್ಯೆ ಅಲ್ಲ, ಗಾಳಿಯೇ ಸಮಸ್ಯೆ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲು. ಮಹಡಿ ಮೇಲೆ ಸರಾಸರಿ ಸೆಕೆಂಡಿಗೆ 3 ಮೀಟರ್ ಗಾಳಿ ಅಂದುಕೊಳ್ಳಿ. ಚದರ ಮೀಟರಿಗೆ ಸುಮಾರು 15 ವಾಟ್. ಯಂತ್ರ 2 ಚದರ ಮೀಟರಿನದು, ಅದರಲ್ಲಿ ಮೂರನೇ ಒಂದು ಭಾಗ ಹಿಡಿದರೂ 10 ವಾಟ್. ಜೋರು ಬೀಸುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಎರಡು ಪಟ್ಟು ಮಾಡಿದರೂ ವರ್ಷಕ್ಕೆ 150–175 ಯೂನಿಟ್. ಅದೇ ಮಹಡಿಯಲ್ಲಿ ಒಂದು ಕಿಲೋವಾಟ್ ಸೋಲಾರ್ ವರ್ಷಕ್ಕೆ 1,400 ಯೂನಿಟ್ ಸುತ್ತಮುತ್ತ ಕೊಡುತ್ತದೆ. ಮಾರುವವರು ತೋರಿಸುವ ವಾಟ್ ಅಂಕಿ ಎಷ್ಟು ವೇಗದ ಗಾಳಿಗೆ ಅಂತ ಒಮ್ಮೆ ಕೇಳಿ. ಸಾಮಾನ್ಯವಾಗಿ ಅದು ಸೆಕೆಂಡಿಗೆ 10–12 ಮೀಟರ್ ಗಾಳಿಯ ಅಂಕಿ. ನಿಮ್ಮ ಮಹಡಿ ಮೇಲೆ ಅಂಥ ಗಾಳಿ ವರ್ಷದಲ್ಲಿ ಎಷ್ಟು ಹೊತ್ತು ಇರುತ್ತದೆ?

ಲಂಬ ಅಕ್ಷಕ್ಕೆ ನಿಜವಾಗಿ ಜಾಗ ಇದ್ದರೆ ಅದು ಆಳ ಸಮುದ್ರದಲ್ಲಿ ಇರಬಹುದು. ಸ್ವೀಡನ್ನಿನ ಸೀಟ್ವರ್ಲ್ ಕಂಪನಿ 2015ರಲ್ಲಿ ಲೀಸೆಶೀಲ್ ಊರಿನ ಹತ್ತಿರ ಕಡಲಿನಲ್ಲಿ 30 ಕಿಲೋವಾಟಿನ ತೇಲುವ ಯಂತ್ರ ಇಳಿಸಿತು. ಅದರ ಉಪಾಯ ಎಯೋಲ್‌ನ ಕಾಯಿಲೆಗೆ ನೇರವಾಗಿ ಮದ್ದು ಹಾಕುವಂಥದ್ದು. ರೆಕ್ಕೆ, ಕಂಬ, ನೀರೊಳಗಿನ ತೇಲುವ ಭಾಗ ಎಲ್ಲವೂ ಒಟ್ಟಿಗೆ ತಿರುಗುತ್ತವೆ. ತೂಕ ಹೊರುವುದು ನೀರು, ಬೇರಿಂಗ್ ಅಲ್ಲ. ಸ್ಟೇ ವೈರ್ ಇಲ್ಲ, ಹಾಗಾಗಿ ಕೆಳಕ್ಕೆ ಒತ್ತುವ ಬಲವೂ ಇಲ್ಲ. ಜನರೇಟರ್ ಮತ್ತು ಬೇರಿಂಗ್ ಇರುವ ಭಾಗ ನೀರಿನ ಮಟ್ಟದಿಂದ ಸ್ವಲ್ಪವೇ ಮೇಲಿದೆ, ದೋಣಿಯಲ್ಲಿ ಹೋಗಿ ಮುಟ್ಟಬಹುದು. 230 ಕಿಲೋವಾಟಿನಿಂದ ನೇರ 3.8 ಮೆಗಾವಾಟಿಗೆ ಹಾರಿದ್ದನ್ನು ನೋಡಿದ ಮೇಲೆ, 30 ಕಿಲೋವಾಟಿನಲ್ಲಿ ನಡೆದದ್ದು ಮೆಗಾವಾಟಿನಲ್ಲೂ ನಡೆಯುತ್ತದೆ ಅಂತ ನಾನು ಈಗಲೇ ಹೇಳಲಾರೆ. ಮೊದಲು ದೊಡ್ಡದೊಂದು ಯಂತ್ರ ಐದು ಚಳಿಗಾಲ ಕಡಲಲ್ಲಿ ಓಡಲಿ, ಅದರ ಯೂನಿಟ್ ಲೆಕ್ಕ ಹೊರಗೆ ಬರಲಿ.